ಪೇಶಂಟ್ ಸೋಬತ್ ಕೋಣ್ ಆಹೇ?

ಪುಣೆಯ ಕ್ಯಾಜುವಾಲ್ಟಿಗಳಲ್ಲಿ ಸ್ಟ್ರೆಚರ್ ಒಳಗೆ ಹೋದ ಮರುಕ್ಷಣ ಕೇಳಿಸುವ ಮಾತು ಇದು. ಜೊತೆಗೆ ಬಂದವರು ಯಾರು? ಊರಲ್ಲಾದರೆ ಮೈದುನ, ಷಡ್ಡಕ, ಎದುರುಮನೆ ಮೇಷ್ಟ್ರು ಅಂತ ಹತ್ತು ಜನ ಮುಂದೆ ಬರುತ್ತಾರೆ. ಪುಣೆಯ ಬಡಾವಣೆಗಳಾದ ವಾಕಡ್‌ನಲ್ಲೋ ಪಿಂಪ್ಳೆ ಸೌದಾಗರ್‌ನಲ್ಲೋ ಇಬ್ಬರೇ ಇರುವ ಮನೆಯಲ್ಲಿ ಒಬ್ಬರು ಕುಸಿದರೆ, ಓಗೊಡಲು ಇನ್ನೊಬ್ಬರೇ ಗತಿ. ಪಾಲಿಸಿ ನಂಬರು, ಮಾತ್ರೆಯ ಹೆಸರು, ಬ್ಯಾಂಕಿನ ಲೆಕ್ಕ ಎಲ್ಲಾ ಮಲಗಿದವರ ತಲೆಯಲ್ಲೋ ಲಾಕ್ ಆದ ಫೋನಿನಲ್ಲೋ ಇರುತ್ತದೆ. ಹೊರನಾಡಿನ ಕನ್ನಡಿಗರಿಗೆ ಕಷ್ಟ ಶುರುವಾಗುವುದು ಇಲ್ಲಿಂದ.

ಮೊದಲ ಫೋನು ಊರಿಗಲ್ಲ, 108ಕ್ಕೆ. ಮಹಾರಾಷ್ಟ್ರದಲ್ಲಿ 2014ರಿಂದ ಇರುವ ಈ ಸೇವೆ ಉಚಿತ, ಆಂಬುಲೆನ್ಸಿನಲ್ಲಿ ಡಾಕ್ಟರೂ ಬರುತ್ತಾರೆ. ಎರಡನೇ ಫೋನು ಸೊಸೈಟಿಯ ಸೆಕ್ಯೂರಿಟಿಗೆ. ಗೇಟಿನ ಆ್ಯಪ್‌ನಲ್ಲಿ ಒಪ್ಪಿಗೆ ಬರಲಿ ಎಂದು ಕಾವಲಿನವನು ಆಂಬುಲೆನ್ಸನ್ನೂ ನಿಲ್ಲಿಸಿಕೊಂಡು ನಿಲ್ಲಬಲ್ಲ. ಗೇಟು ತೆಗೆದಿಡಿ, ಲಿಫ್ಟನ್ನು ನಮ್ಮ ಮಹಡಿಯಲ್ಲೇ ಹಿಡಿದಿಡಿ ಎಂದು ಅವನಿಗೆ ಹೇಳಬೇಕು. ಹಳೆಯ ಕಟ್ಟಡಗಳ ಲಿಫ್ಟಿಗೆ ಸ್ಟ್ರೆಚರ್ ಹಿಡಿಸುವುದಿಲ್ಲ. ಕೈಯಿರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಎದೆಯ ಸುತ್ತ ಪಂಚೆಯೋ ದುಪಟ್ಟಾವೋ ಸುತ್ತಿ ಇಳಿಸಬೇಕಾಗುತ್ತದೆ. ಹೊರಗೆ ಬಂದಮೇಲೆ ಬಾಗಿಲಿಗೆ ಬೀಗ, ಕೈಯಲ್ಲಿ ಮಾತ್ರೆಗಳ ಡಬ್ಬಿ. ಚೀಟಿ ಹುಡುಕುತ್ತಾ ನಿಲ್ಲಬೇಡಿ, ಡಬ್ಬಿಯನ್ನೇ ಒಯ್ಯಿರಿ.

ಎದೆನೋವಿದ್ದರೆ ಗ್ಯಾಸ್ ಎಂದು ಸೋಡಾ ಕುಡಿಸಿ ಅರ್ಧ ಗಂಟೆ ಕಾಯುವುದು ನಮ್ಮಲ್ಲಿ ಬಲು ರೂಢಿ. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಬರೀ ಸುಸ್ತು, ಬೆವರು, ವಾಕರಿಕೆಯಾಗಿಯೂ ಬರಬಹುದು. ಆಸ್ಪಿರಿನ್ ಒಗ್ಗದವರಲ್ಲ, ಹೊಟ್ಟೆಹುಣ್ಣಿನ ರಕ್ತಸ್ರಾವ ಆದವರಲ್ಲ ಎಂದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಜಗಿಸಬಹುದು. 108ರವರನ್ನು ಕೇಳಿಯೇ ಕೊಡಿ. ಪಕ್ಕದ ಮನೆಯವರ ಸಾರ್ಬಿಟ್ರೇಟ್ ಮಾತ್ರೆ ನಾಲಿಗೆ ಕೆಳಗೆ ಇಡಬೇಡಿ, ಬಿಪಿ ದಿಢೀರ್ ಇಳಿದು ಇನ್ನೊಂದು ಅನಾಹುತವಾಗುತ್ತದೆ. ಮೊದಲ ಇಸಿಜಿ ಸರಿ ಬಂತು ಅಂದಮಾತ್ರಕ್ಕೆ ಮನೆಗೆ ಹೊರಡುವುದೂ ತಪ್ಪು. ಮತ್ತೊಂದು ಇಸಿಜಿ, ಟ್ರೋಪೊನಿನ್ ರಕ್ತಪರೀಕ್ಷೆ ಆಗುವ ತನಕ ಕುಳಿತಿರಿ.

ಬಾಯಿ ಸೊಟ್ಟಗಾಗಿ, ಒಂದು ಕೈ ಜೋತುಬಿದ್ದು, ಮಾತು ತೊದಲಿದರೆ ಅದು ಪಾರ್ಶ್ವವಾಯು. ಇದಕ್ಕೆ ಆಸ್ಪಿರಿನ್ ಬೇಡವೇ ಬೇಡ. ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ಸೋರಿದೆಯೋ ಎಂಬುದು ಸಿಟಿ ಸ್ಕ್ಯಾನಿಗಷ್ಟೇ ಗೊತ್ತು. ಒಂದು ಗುಟುಕು ನೀರೂ ಕುಡಿಸಬೇಡಿ. ನುಂಗುವ ಶಕ್ತಿ ಹೋಗಿದ್ದರೆ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಕ್ಯಾಜುವಾಲ್ಟಿಯ ಡಾಕ್ಟರು ‘ಕಧೀಪಾಸೂನ್?’ ಅನ್ನುತ್ತಾರೆ, ಯಾವಾಗಿನಿಂದ? ಬಹಳ ಜನ ತಾವು ನೋಡಿದ ಹೊತ್ತು ಹೇಳಿಬಿಡುತ್ತಾರೆ. ಅವರಿಗೆ ಬೇಕಾದದ್ದು ಕೊನೆಯ ಸಲ ಸರಿ ಇದ್ದ ಹೊತ್ತು. ಬೆಳಿಗ್ಗೆ 6ಕ್ಕೆ ಎದ್ದಾಗ ಬಾಯಿ ಸೊಟ್ಟಗಿತ್ತು, ರಾತ್ರಿ 11ಕ್ಕೆ ಚೆನ್ನಾಗೇ ಮಾತಾಡಿ ಮಲಗಿದ್ದರು ಎಂದರೆ ಲೆಕ್ಕ 11ರಿಂದ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವಿದೆ. ಅದಕ್ಕೇ ಗಂಟೆಯನ್ನು ಕೈಮೇಲಾದರೂ ಬರೆದುಕೊಳ್ಳಿ, ಗಾಬರಿಯಲ್ಲಿ ಮರೆತುಹೋಗುತ್ತದೆ. ರಾತ್ರಿಯೂ ಸಿಟಿ ಸ್ಕ್ಯಾನ್ ನಡೆಯುವ ಆಸ್ಪತ್ರೆ, ರಾತ್ರಿಯೂ ಕ್ಯಾಥ್ ಲ್ಯಾಬ್ (ಆಂಜಿಯೋಗ್ರಾಮ್ ಮಾಡಿ ಸ್ಟೆಂಟ್ ಹಾಕುವ ಕೋಣೆ) ತೆರೆದಿರುವ ಆಸ್ಪತ್ರೆ ನಿಮ್ಮ ಮನೆಗೆ ಹತ್ತಿರ ಯಾವುದು ಎಂದು ಆರೋಗ್ಯವಾಗಿರುವಾಗಲೇ ಒಂದು ಭಾನುವಾರ ಹೋಗಿ ವಿಚಾರಿಸಿ ಬನ್ನಿ.

ಆಮೇಲಿನ ಕಿಟಕಿ ರಿಜಿಸ್ಟ್ರೇಶನ್ನಿನದು. ‘ಆಡನಾವ್ ಕಾಯ್?’ ಮನೆತನದ ಹೆಸರು ಏನು? ಪಾಟೀಲ, ಕುಲಕರ್ಣಿ ಆದವರು ಪಾರಾದರು. ಹಾಸನ, ಮೈಸೂರು, ತುಮಕೂರು ಕಡೆಯವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಮರಾಠಿ ರೂಢಿಯಲ್ಲಿ ಹೆಸರೆಂದರೆ ಮೂರು ಖಾನೆ: ತನ್ನ ಹೆಸರು, ಗಂಡನದೋ ಅಪ್ಪನದೋ ಹೆಸರು, ಮನೆತನದ ಹೆಸರು. ಆಧಾರ್‌ನಲ್ಲಿ ‘ಸುಮಾ ಬಿ.’ ಎಂದಷ್ಟೇ ಇರುವ ಹೆಂಗಸನ್ನು ಗುಮಾಸ್ತ ‘ಸುಮಾ ಮಂಜುನಾಥ ಬಿ’ ಎಂದು ಬರೆಯುತ್ತಾನೆ. ಪಾಲಿಸಿಯಲ್ಲಿ ‘ಸುಮಾ ಮಂಜುನಾಥ’ ಎಂದಿರುತ್ತದೆ. ಒಬ್ಬಳೇ ಹೆಂಡತಿ, ಮೂರು ಹೆಸರು. ಮೂರು ದಿನ ಬಿಟ್ಟು ವಿಮಾ ಕಂಪನಿಯಿಂದ ಕ್ಲೇಮಿನ ಪ್ರಶ್ನೆಪತ್ರ ಬರುವುದು ಇದಕ್ಕೇ. ಖಾನೆ ಖಾಲಿ ಬಿಡಲಿ, ಹೆಸರು ಮಾತ್ರ ಪಾಲಿಸಿಯಲ್ಲಿದ್ದಂತೆಯೇ ಇರಲಿ ಎಂದು ಹಟ ಹಿಡಿಯಿರಿ. ಹೆಸರು ಪಕ್ಕಾ ಮಾಡುವ ಮುನ್ನ ಸ್ಕ್ರೀನ್ ನಮ್ಮ ಕಡೆ ತಿರುಗಿಸಿ ಎಂದು ಕೇಳುವುದರಲ್ಲಿ ನಾಚಿಕೆಯೇನಿಲ್ಲ. ನಿಜವಾದ ಪರಿಹಾರವೆಂದರೆ ಆಧಾರ್, ಪಾಲಿಸಿ, ಬ್ಯಾಂಕ್ ಮೂರರಲ್ಲೂ ಹೆಸರನ್ನು ಈಗಲೇ ಒಂದೇ ಮಾಡಿಸಿಡುವುದು.

ಅದಕ್ಕಿಂತ ದುಬಾರಿ ತಪ್ಪು ಕೇಸ್ ಪೇಪರಿನಲ್ಲಿ, ಅಂದರೆ ರೋಗಿಯ ವಿವರ ಬರೆದುಕೊಳ್ಳುವ ಕಾಗದದಲ್ಲಿ ಆಗುತ್ತದೆ. ಕಿರಿಯ ಡಾಕ್ಟರು ಬಿಪಿ ಎಷ್ಟು ವರ್ಷದಿಂದ ಎನ್ನುತ್ತಾರೆ. ಗಾಬರಿಯಲ್ಲಿ ‘ಒಂದು ಹತ್ತು ವರ್ಷ ಆಯಿತೇನೋ’ ಎನ್ನುತ್ತೀರಿ. ‘ಏನೋ’ ಬಿಟ್ಟುಹೋಗಿ ಹತ್ತು ಮಾತ್ರ ಕಾಗದಕ್ಕಿಳಿಯುತ್ತದೆ. ಪಾಲಿಸಿ ಮಾಡಿಸಿ ನಾಲ್ಕು ವರ್ಷವಾಗಿದ್ದರೆ, ಮೊದಲೇ ಇದ್ದ ಕಾಯಿಲೆ ಮುಚ್ಚಿಟ್ಟಿರಿ ಎಂದು ಹಣ ತಡೆಯಲು ಇಷ್ಟು ಸಾಕು. ಸುಳ್ಳು ಹೇಳಿ ಎನ್ನುತ್ತಿಲ್ಲ. ಮೊದಲ ಮಾತ್ರೆ ಬರೆದ ಚೀಟಿಯ ಇಸವಿ ಒಂದು ಕಾಗದದಲ್ಲಿರಲಿ, ಅದನ್ನೇ ತೋರಿಸಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಸಿ.

ಹಣದ ಮಾತಿಗೆ ಬರೋಣ. ತುರ್ತು ಚಿಕಿತ್ಸೆಯನ್ನು ವಿಧಿವಿಧಾನದ ನೆಪದಲ್ಲಿ ತಡೆಯಬಾರದೆಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲೇ ಹೇಳಿದೆ. ಆದರೂ ಡೆಪಾಸಿಟ್ ಕೇಳುತ್ತಾರೆ. ಯುಪಿಐಗೆ ದಿನಕ್ಕೆ ಸಾಮಾನ್ಯವಾಗಿ 1 ಲಕ್ಷ ರೂಪಾಯಿ. ಆಸ್ಪತ್ರೆಗಳಿಗೆ ರಿಸರ್ವ್ ಬ್ಯಾಂಕ್ ಅದನ್ನು 5 ಲಕ್ಷಕ್ಕೆ ಏರಿಸಿದೆ, ನಿಮ್ಮ ಬ್ಯಾಂಕು ತನ್ನ ಮಿತಿಯನ್ನು ಕೆಳಗಿಟ್ಟಿರಬಹುದು. ನಾಮಿನಿ ಇದ್ದೀನಲ್ಲ ಎಂದು ಬ್ಯಾಂಕಿಗೆ ಹೋದರೆ ಪ್ರಯೋಜನವಿಲ್ಲ. ಖಾತೆದಾರರು ಬದುಕಿರುವಷ್ಟು ದಿನ ನಾಮಿನಿಗೆ ಒಂದು ರೂಪಾಯಿಯ ಹಕ್ಕೂ ಇಲ್ಲ. ಇಬ್ಬರಲ್ಲಿ ಯಾರಾದರೂ ತೆಗೆಯಬಹುದಾದ ಜಂಟಿ ಖಾತೆ ಬೇಕು.

ವಿಮಾ ಕಂಪನಿಯೇ ಆಸ್ಪತ್ರೆಗೆ ನೇರ ಹಣ ಕಟ್ಟುವ ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜಿನ ಒಪ್ಪಿಗೆಗೆ ಮೂರು ಗಂಟೆಯಲ್ಲಿ ಉತ್ತರ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ ಸುತ್ತೋಲೆ ಹೇಳುತ್ತದೆ. ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಸಂಸ್ಥೆ) ಡೆಸ್ಕಿನವರು ಅರ್ಜಿ ಕಳಿಸಿದ ಗಂಟೆ ಕೇಳಿ ಗುರುತು ಹಾಕಿಕೊಳ್ಳಿ. ರೂಮು ಆರಿಸುವಾಗ ಕರುಣೆ ಉಕ್ಕಿ ಡೀಲಕ್ಸ್ ಎನ್ನಬೇಡಿ. 5 ಲಕ್ಷದ ಪಾಲಿಸಿಯಲ್ಲಿ ಬಾಡಿಗೆ ಮಿತಿ ಶೇ 1 ಇದ್ದರೆ ದಿನಕ್ಕೆ 5,000. ನೀವು 10,000ದ ರೂಮು ಹಿಡಿದರೆ ಬಾಡಿಗೆಯ ಅರ್ಧ ಮಾತ್ರವಲ್ಲ, ಡಾಕ್ಟರ ಫೀಸು, ಆಪರೇಶನ್ ಥಿಯೇಟರ್, ನರ್ಸಿಂಗ್ ಎಲ್ಲದರ ಅರ್ಧವೂ ನಿಮ್ಮ ತಲೆಗೆ. ಔಷಧಿ, ಸ್ಟೆಂಟಿನಂಥ ಇಂಪ್ಲಾಂಟು, ಪರೀಕ್ಷೆ, ಐಸಿಯು ಖರ್ಚಿಗೆ ಈ ಕತ್ತರಿ ಬೀಳಬಾರದು; ಬಿದ್ದಿದ್ದರೆ ಜಗಳವಾಡಿ. ಕೈ ಪೂರಾ ಖಾಲಿಯಿದ್ದವರು ಟ್ರಸ್ಟ್ ಆಸ್ಪತ್ರೆಯ ಸೋಶಿಯಲ್ ವರ್ಕರನ್ನು ಹುಡುಕಿ. ಬಾಂಬೆ ಹೈಕೋರ್ಟಿನ ಯೋಜನೆಯಂತೆ ಮಹಾರಾಷ್ಟ್ರದ ದತ್ತಿ ಆಸ್ಪತ್ರೆಗಳು ಶೇ 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನು ಶೇ 10ನ್ನು ದುರ್ಬಲ ವರ್ಗಕ್ಕೆ ರಿಯಾಯಿತಿಯಲ್ಲಿ ಇಡಬೇಕು. ಆದಾಯದ ಕಾಗದ, ರೇಶನ್ ಕಾರ್ಡು ಕೇಳುತ್ತಾರೆ.

ಮಲಗಿದವರ ಫೋನನ್ನು ಚಾರ್ಜಿನಲ್ಲೇ ಇಟ್ಟುಕೊಳ್ಳಿ. ಬ್ಯಾಟರಿ ಸತ್ತು ಮತ್ತೆ ಆನ್ ಆದರೆ ಬೆರಳು, ಮುಖ ಯಾವುದೂ ನಡೆಯದು, ಪಿನ್ನೇ ಬೇಕು. ಒಟಿಪಿ ಬರುವುದೂ ಆ ನಂಬರಿಗೇ. ಇಬ್ಬರ ಪಿನ್ನು ಇಬ್ಬರಿಗೂ ಗೊತ್ತಿರಲಿ ಎಂದರೆ ಕೆಲವು ದಂಪತಿಗಳು ಮುಖ ಮುಖ ನೋಡಿಕೊಳ್ಳುತ್ತಾರೆ. ಬೇಡವೆಂದರೆ ಮುಚ್ಚಿದ ಲಕೋಟೆಯಲ್ಲಿ ಬರೆದು ಬೀರುವಿನಲ್ಲಿಡಿ.

ಊರಿಗೆ ಈಗ ಹೇಳಿ, ಒಬ್ಬರಿಗೆ ಮಾತ್ರ. ಗುಂಡಿಗೆ ಗಟ್ಟಿಯಿರುವ ಒಬ್ಬರನ್ನು ಆರಿಸಿ, ಉಳಿದ ನಲವತ್ತು ಫೋನು ಅವರಿಗೆ ಹೋಗಲಿ. ಹುಬ್ಬಳ್ಳಿ, ಬೆಳಗಾವಿಯಿಂದ ರಾತ್ರಿ ಬಸ್ಸು ಹತ್ತಿದವರು ಬೆಳಗ್ಗೆ ಪುಣೆಯಲ್ಲಿರುತ್ತಾರೆ, ಆದರೆ ಒಟ್ಟಿಗೆ ಐವರು ಬಂದರೆ ಉಪಕಾರವಾಗುವುದಿಲ್ಲ. ಐಸಿಯುಗೆ ಪಾಸು ಒಂದೇ. ಒಬ್ಬರು ಆಸ್ಪತ್ರೆಗೆ, ಒಬ್ಬರು ಮನೆಗೂ ಮಕ್ಕಳಿಗೂ. ಮೂರನೆಯವರು ನಾಲ್ಕನೇ ದಿನ ಬರಲಿ, ಅಷ್ಟರಲ್ಲಿ ಮೊದಲಿನವರು ಸೋತಿರುತ್ತಾರೆ. ಐಸಿಯು ಹೊರಗೆ ಕೂತವರು ‘ನಾತೇವಾಯಿಕ್’ ಎಂಬ ಪದಕ್ಕೆ ಕಿವಿ ಹೊಂದಿಸಿಕೊಳ್ಳಬೇಕು. ಸಂಬಂಧಿಕರು ಎಂದರ್ಥ. ಕರೆದದ್ದು ತಿಳಿಯದೆ ಕೂತರೆ ಡಾಕ್ಟರು ಮಾತಾಡುವ ಆ ಐದು ನಿಮಿಷ ತಪ್ಪಿ, ಮುಂದಿನದು ಸಂಜೆಗೇ. ಆ ಐದು ನಿಮಿಷಕ್ಕೆ ಪ್ರಶ್ನೆ ಮೊದಲೇ ಬರೆದಿಡಿ: ನಿನ್ನೆಗಿಂತ ಏನು ಬದಲಾಗಿದೆ, ಇವತ್ತು ಏನು ಮಾಡುತ್ತೀರಿ, ಅದನ್ನು ಮಾಡದಿದ್ದರೆ ಏನಾಗುತ್ತದೆ. ಸಹಿ ಕೇಳಿದ ಕಾಗದ ಹಿಂದಿಯಲ್ಲೋ ಮರಾಠಿಯಲ್ಲೋ ಇದ್ದರೆ ಬಾಯಲ್ಲಿ ಹೇಳಿಸಿಕೊಂಡೇ ಸಹಿ ಮಾಡಿ.

ಡಿಸ್ಚಾರ್ಜಿನ ದಿನ ಎಲ್ಲರಿಗೂ ಮನೆಯ ಅವಸರ. ಬಿಲ್ಲು ಮುಗಿಯುವ ಮುನ್ನವೇ ಒಡೆಯದ ಸ್ಟ್ರಿಪ್‌ಗಳನ್ನೂ ಬಾಟಲಿಗಳನ್ನೂ ಎಣಿಸಿ ಔಷಧಿ ಅಂಗಡಿಗೆ ವಾಪಸ್ ಮಾಡಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೆಸರನ್ನೂ ಆ ‘ಎಷ್ಟು ವರ್ಷದಿಂದ’ ಸಾಲನ್ನೂ ಇನ್ನೊಮ್ಮೆ ಓದಿ. ಆಂಜಿಯೋಗ್ರಾಮ್ ಅಥವಾ ಸ್ಕ್ಯಾನಿನ ಸಿಡಿ ಕೇಳಿ ಪಡೆಯಿರಿ, ಬರೀ ರಿಪೋರ್ಟ್ ಸಾಲದು. ಧಾರವಾಡದಲ್ಲೋ ಬೆಂಗಳೂರಲ್ಲೋ ಎರಡನೇ ಡಾಕ್ಟರಿಗೆ ತೋರಿಸುವಾಗ ಅವರು ಮೊದಲು ಕೇಳುವುದು ಸಿಡಿಯನ್ನೇ.