ಮಗಳ ಫೋನು ಅವಳಿಗೆ ಗೊತ್ತಾಗದ ಹಾಗೆ ನೋಡಬಹುದಾ ಮೇಡಂ?

ಪೋಷಕರ ಸಭೆ ಮುಗಿದು ಕುರ್ಚಿ ಎತ್ತಿಡುವ ಹೊತ್ತಿಗೆ ಯಾರಾದರೊಬ್ಬರು ಹಿಂದೆ ಉಳಿದೇ ಉಳಿಯುತ್ತಾರೆ. ಅಂಕದ ಮಾತೆಲ್ಲ ಆದಮೇಲೆ ದನಿ ತಗ್ಗಿಸಿ ಕೇಳುತ್ತಾರೆ: "ಮಗಳು ಮೊಬೈಲಲ್ಲಿ ಏನ್ ಮಾಡ್ತಾಳೆ ಅಂತ ಅವಳಿಗೆ ಗೊತ್ತಾಗದ ಹಾಗೆ ನೋಡೋಕೆ ಏನಾದ್ರೂ ಆಪ್ ಇದೆಯಾ ಮೇಡಂ?" ನಾನು ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕಂಪ್ಯೂಟರ್ ಕೋಣೆಯ ಬೀಗದ ಕೈ ನನ್ನ ಹತ್ತಿರವೇ ಇರುವುದರಿಂದ ಈ ಪ್ರಶ್ನೆಯೂ ನನ್ನ ಹತ್ತಿರವೇ ಬರುತ್ತದೆ. 2020ರಲ್ಲಿ ಶಾಲೆ ಮುಚ್ಚಿದಾಗ "ಪಾಠಕ್ಕೆ ಒಂದು ಫೋನ್ ಕೊಡಿಸಿ" ಎಂದು ಇದೇ ಅಪ್ಪ ಅಮ್ಮಂದಿರಿಗೆ ಹೇಳಿದವರಲ್ಲಿ ನಾನೂ ಒಬ್ಬಳು. ಆದ್ದರಿಂದ ಉತ್ತರ ಕೊಡಬೇಕಾದವಳೂ ನಾನೇ.

ನೋಡಿ. ನೋಡಲೇಬೇಕು. ಆದರೆ ನೀವು ನೋಡುತ್ತಿದ್ದೀರಿ ಎನ್ನುವುದು ಅವಳಿಗೆ ಗೊತ್ತಿರಲಿ.

ಹೆತ್ತವರು ಕದ್ದು ನೋಡಿದರೆ ಮಕ್ಕಳ ನಂಬಿಕೆ ಹೋಗುತ್ತದೆ. ಆ ನಂಬಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳುವವರಿಗೆ ಒಂದು ಘಟನೆ ಹೇಳುತ್ತೇನೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ಒಂದು ಮಧ್ಯಾಹ್ನ ಊಟದ ಗಂಟೆ ಹೊಡೆದರೂ ಕಂಪ್ಯೂಟರ್ ಕೋಣೆ ಬಿಟ್ಟು ಹೋಗಲಿಲ್ಲ. ಅಂಗಿಯ ಕೊನೇ ಗುಂಡಿಯನ್ನು ತಿರುಚುತ್ತಾ ನಿಂತಿದ್ದ. ಇನ್‌ಸ್ಟಾಗ್ರಾಮಿನಲ್ಲಿ ಪರಿಚಯವಾದ ಯಾರೋ ಅವನ ಫೋಟೊದಿಂದ ಮುಖ ತೆಗೆದು ಇನ್ನೊಂದು ಕೆಟ್ಟ ಚಿತ್ರಕ್ಕೆ ಅಂಟಿಸಿ, ದುಡ್ಡು ಕೊಡದಿದ್ದರೆ ನಿನ್ನ ಕ್ಲಾಸಿನವರಿಗೆಲ್ಲ ಕಳಿಸುತ್ತೇನೆ ಎಂದು ಹೆದರಿಸುತ್ತಿದ್ದ. ಅಮ್ಮನ ಫೋನಿನಿಂದ ಎರಡು ಸಲ ದುಡ್ಡು ಹಾಕಿಯೂ ಆಗಿತ್ತು. ಇದು ಶುರುವಾಗಿ ಒಂಬತ್ತು ದಿನ. ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದೆ. "ಫೋನ್ ಕಿತ್ಕೋತಾರೆ ಮಿಸ್" ಅಂದ. ಆ ಮಾತು ಆಡುವಾಗ ಗುಂಡಿ ಕಿತ್ತು ಅವನ ಕೈಗೇ ಬಂತು.

ಅವನ ಹೆದರಿಕೆ ಆ ಅಪರಿಚಿತನಿಗಿಂತ ಅಪ್ಪನ ಮೇಲೆ ಹೆಚ್ಚಿತ್ತು. ಸಂಜೆ ಅಪ್ಪನನ್ನು ಕರೆಸಿದೆವು. ಚಾಟ್ ಅಳಿಸಲಿಲ್ಲ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದುಕೊಂಡೆವು, ಇನ್ನೊಂದು ರೂಪಾಯಿಯನ್ನೂ ಕಳಿಸಲಿಲ್ಲ, 1930ಕ್ಕೆ ಕರೆ ಮಾಡಿ ದೂರು ಕೊಟ್ಟೆವು. ಅದು ಸೈಬರ್ ಅಪರಾಧದ ರಾಷ್ಟ್ರೀಯ ಸಹಾಯವಾಣಿ. ಮಕ್ಕಳಿಗಾಗಿಯೇ ಇರುವ 1098 ಕೂಡ ಇದೆ. ಎರಡೂ ನಂಬರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ. ಆದರೆ ಮೊದಲ ದಿನವೇ ಅವನು ಮನೆಯಲ್ಲಿ ಬಾಯಿಬಿಟ್ಟಿದ್ದರೆ ಒಂಬತ್ತು ರಾತ್ರಿ ಒಬ್ಬನೇ ಒದ್ದಾಡುವುದು ತಪ್ಪುತ್ತಿತ್ತಲ್ಲ ಎಂಬ ಸಂಕಟ ನನಗೆ ಇನ್ನೂ ಹೋಗಿಲ್ಲ. ಅದಕ್ಕೇ ಪ್ರತಿ ಸಭೆಯಲ್ಲೂ ಕೈಮುಗಿದು ಕೇಳಿಕೊಳ್ಳುತ್ತೇನೆ: "ಏನೇ ಆದರೂ ನನಗೆ ಹೇಳು, ಹೇಳಿದ್ದಕ್ಕೆ ಫೋನ್ ಕಿತ್ತುಕೊಳ್ಳುವುದಿಲ್ಲ" ಎಂದು ಮಕ್ಕಳಿಗೆ ಮಾತು ಕೊಡಿ. ಕೊಟ್ಟಮೇಲೆ ಉಳಿಸಿಕೊಳ್ಳಿ.

ಇನ್ನು ಗುಟ್ಟಾಗಿ ನೋಡುವ ಆಪ್‌ಗಳ ವಿಚಾರ. ಅಂಥವು ಬಹುಪಾಲು ಪ್ಲೇಸ್ಟೋರಿನ ಹೊರಗಿನಿಂದ ಇಳಿಯುವಂಥವು. ಹಾಕಿಕೊಳ್ಳುವಾಗ ಫೋನಿನ ರಕ್ಷಣೆಯನ್ನೇ ಆಫ್ ಮಾಡಿ ಎನ್ನುತ್ತವೆ. ಮೆಸೇಜು, ಫೋಟೊ, ಮೈಕು ಎಲ್ಲಕ್ಕೂ ಅನುಮತಿ ಕೇಳುತ್ತವೆ. ನಿಮ್ಮ ಮಗಳ ಫೋಟೊಗಳು ಗುರುತು ಪರಿಚಯವಿಲ್ಲದ ಯಾರದೋ ಸರ್ವರಿಗೆ ಹೋಗಿ ಕೂರುತ್ತವೆ. ಯಾರಿಂದ ಕಾಪಾಡಬೇಕೋ ಅಂಥವರ ಕೈಗೇ ನಾವಾಗಿ ಕೊಟ್ಟ ಹಾಗೆ. ದಯವಿಟ್ಟು ಬೇಡ.

ಹೇಳಿಕೇಳಿ ನೋಡುವುದಕ್ಕೆ ದಾರಿಗಳಿವೆ. ಗೂಗಲ್‌ನ ಫ್ಯಾಮಿಲಿ ಲಿಂಕ್ ಯಾವ ಆಪ್‌ನಲ್ಲಿ ಎಷ್ಟು ಹೊತ್ತು ಕಳೆದರು ಎಂದು ತೋರಿಸುತ್ತದೆ. ರಾತ್ರಿ ಫೋನ್ ಲಾಕ್ ಆಗುವ ಹೊತ್ತು ಗೊತ್ತುಮಾಡಬಹುದು. ಮೆಸೇಜು ಓದಿಸುವುದಿಲ್ಲ, ಅದೇ ಅದರ ಒಳ್ಳೆಯ ಗುಣ ಎನ್ನುತ್ತೇನೆ ನಾನು. ಇನ್‌ಸ್ಟಾಗ್ರಾಮಿನಲ್ಲಿ 2025ರಿಂದ ನಮ್ಮ ದೇಶದಲ್ಲೂ ಹದಿಹರೆಯದವರ ಖಾತೆ ಬೇರೆಯೇ ಆಗಿದೆ. ಆ ಖಾತೆ ತಾನಾಗಿಯೇ ಪ್ರೈವೇಟ್ ಇರುತ್ತದೆ, ಗುರುತಿಲ್ಲದವರು ಮೆಸೇಜ್ ಹಾಕುವುದಕ್ಕೆ ತಡೆ ಇರುತ್ತದೆ, 16ರೊಳಗಿನವರು ಈ ಬಿಗಿ ಸಡಿಲಿಸಬೇಕೆಂದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಅದರಲ್ಲಿ ಪೋಷಕರ ಮೇಲ್ವಿಚಾರಣೆ ಜೋಡಿಸಿಕೊಂಡರೆ ಕಳೆದ ಏಳು ದಿನದಲ್ಲಿ ಯಾರ ಜೊತೆ ಮಾತಾಡಿದರು ಎಂಬುದು ನಿಮಗೆ ಕಾಣುತ್ತದೆ, ಏನು ಮಾತಾಡಿದರು ಎಂಬುದು ಕಾಣುವುದಿಲ್ಲ.

ಆದರೆ ಇದೆಲ್ಲ ನಿಂತಿರುವುದು ಒಂದೇ ಒಂದು ಸಾಲಿನ ಮೇಲೆ: ಹುಟ್ಟಿದ ತಾರೀಕು. ನಮ್ಮ ಕಡೆ ಫೋನ್ ಕೊಂಡ ದಿನ ಅಂಗಡಿಯ ಹುಡುಗನೇ ಖಾತೆ ತೆರೆದುಕೊಡುತ್ತಾನೆ. ಬೇಗ ಮುಗಿಯಲಿ ಎಂದು ಜನವರಿ 1, 2000 ಎಂದು ಒತ್ತಿಬಿಡುತ್ತಾನೆ. ಎಷ್ಟೋ ಮನೆಗಳಲ್ಲಿ ಅಪ್ಪಂದಿರೇ ಹೀಗೆ ಹಾಕಿದ್ದಾರೆ. ಹದಿನಾಲ್ಕರ ಹುಡುಗಿ ಆ ಲೆಕ್ಕದಲ್ಲಿ ಇಪ್ಪತ್ತು ದಾಟಿದವಳಾದಳು; ಮಕ್ಕಳಿಗೆಂದು ಇಟ್ಟ ಒಂದು ಬೇಲಿಯೂ ಅವಳ ಸುತ್ತ ಇಲ್ಲ. ಬೇರೆ ಏನೂ ಮಾಡಲಾಗದಿದ್ದರೆ ಇವತ್ತು ರಾತ್ರಿ ಅವಳನ್ನೇ ಪಕ್ಕಕ್ಕೆ ಕೂರಿಸಿಕೊಂಡು ಆ ಸಾಲು ಸರಿ ಮಾಡಿ.

ನಿದ್ದೆ, ಊಟ, ಶಾಲೆ ಎಲ್ಲ ಬಿಟ್ಟು ಫೋನಿಗೇ ಅಂಟಿಕೊಂಡ ಮಗುವಿಗೆ ಕಾವಲು ಸಾಲದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ನಾಚಿಕೆ ಪಡದೆ ಕರೆದುಕೊಂಡು ಹೋಗಿ.

ನನ್ನ ಮಾತು ತಡವಾಗಿ ತಲುಪಿದ ಒಂದು ಮನೆಯೂ ಇದೆ. ಒಬ್ಬ ತಂದೆ, ತುಂಬಾ ಸಂಭಾವಿತರು, ಮಗಳು ಮಲಗಿದ್ದಾಗ ಅವಳ ವಾಟ್ಸಾಪನ್ನು ತಮ್ಮ ಕಂಪ್ಯೂಟರಿಗೆ ಲಿಂಕ್ ಮಾಡಿಕೊಂಡು ಎರಡು ತಿಂಗಳು ಓದಿದರು. ತಪ್ಪು ಅನ್ನುವಂಥದ್ದು ಏನೂ ಸಿಗಲಿಲ್ಲ. ಒಂದು ದಿನ ಅವಳು ವಾಟ್ಸಾಪ್ ಎಲ್ಲೆಲ್ಲಿ ಲಿಂಕ್ ಆಗಿದೆ ಎಂದು ತೋರಿಸುವ ಲಿಂಕ್ಡ್ ಡಿವೈಸಸ್ ತೆರೆದು ನೋಡಿದಳು. ಜಗಳ ಮಾಡಲಿಲ್ಲ. ಗೆಳತಿಯ ಫೋನಿನಲ್ಲಿ ಇನ್ನೊಂದು ಖಾತೆ ತೆರೆದುಕೊಂಡಳು, ಅಷ್ಟೆ. ಅದು ತಿಳಿದಾಗ ಅವರು ನನ್ನ ಹತ್ತಿರ ಬಂದರು. ನನ್ನ ಮಾತು ಕೇಳಿ ಲಿಂಕ್ ತೆಗೆದರು, ಮಗಳೆದುರು ಕೂತು ತಪ್ಪಾಯಿತು ಎಂದರು. ಈಗ ರಾತ್ರಿ ಹತ್ತಕ್ಕೆ ಮನೆಯವರೆಲ್ಲರ ಫೋನೂ ನಡುಮನೆಯಲ್ಲೇ ಚಾರ್ಜಿಗೆ. ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದರು. ಅವಳು ಈಗಲೂ ಅಪ್ಪ ಒಳಗೆ ಬಂದರೆ ಫೋನನ್ನು ಬೋರಲು ಹಾಕುತ್ತಾಳಂತೆ. "ಇನ್ನೂ ಎಷ್ಟು ದಿನ ಮೇಡಂ?" ಎಂದರು. ನನಗೆ ಗೊತ್ತಿಲ್ಲ ಎಂದೆ. ಬೋರಲು ಹಾಕಿದಾಗ ಅದರ ಬಗ್ಗೆ ಒಂದು ಮಾತೂ ಆಡಬೇಡಿ, ಪಕ್ಕದಲ್ಲಿ ಕೂತು ಟೀ ಕುಡಿಯಿರಿ ಎಂದೆ.