ಸರ್ವರ್ ಪ್ರೋಗ್ರಾಮರ್‌ಗಳಿಗೆ ಆಂಡ್ರಾಯ್ಡ್: ಮಳೆ ಲೆಕ್ಕದ ಆ್ಯಪ್‌ನಿಂದ ಶುರುಮಾಡಿ

ವರ್ಷಗಟ್ಟಲೆ ಜಾವಾದಲ್ಲಿ ಸರ್ವರ್ ಕೋಡ್ ಬರೆದವರಿಗೆ ಆಂಡ್ರಾಯ್ಡ್ ಆ್ಯಪ್ ಬರೆಯುವ ಭಾಷೆಯಾದ ಕೋಟ್ಲಿನ್ ಬೇಗ ಕೈಗೆ ಹತ್ತುತ್ತದೆ. ತೊಡಕು ಶುರುವಾಗುವುದು ಆಮೇಲೆ. ಸರ್ವರ್‌ನಲ್ಲಿ ನಮ್ಮ ಪ್ರೋಗ್ರಾಂ ನಾವು ನಿಲ್ಲಿಸುವ ತನಕ ಓಡುತ್ತಿರುತ್ತದೆ. ಫೋನಿನಲ್ಲಿ ಮೆಮೊರಿ ಸಾಲದೆ ಹೋದರೆ ಹಿಂದೆ ಸರಿದ ಆ್ಯಪ್ ಅನ್ನು ಸಿಸ್ಟಂ ಕೇಳದೆಯೇ ಮುಗಿಸಿಬಿಡುತ್ತದೆ. ಇದು ಮೈಗೂಡುವವರೆಗೂ ಬಟನ್, ಬಣ್ಣ, ಅನಿಮೇಷನ್ ಯಾವುದಕ್ಕೂ ಕೈಹಾಕಬೇಡಿ.

ಕಲಿಕೆಗೆ ನಮ್ಮ ಕೊಡಗಿನಲ್ಲೇ ಒಳ್ಳೆಯ ವಿಷಯವಿದೆ: ತೋಟದ ಮಳೆ ಪುಸ್ತಕ. ಬೆಳಿಗ್ಗೆ ಮಳೆ ಮಾಪಕ ನೋಡಿ ಇಂಚು, ಸೆಂಟ್ ಬರೆದಿಡುವ ಕೆಲಸವನ್ನೇ ಆ್ಯಪ್ ಮಾಡಿ. ಚಿಕ್ಕದು, ಆದರೆ ಫೋನಿನ ಕಷ್ಟಗಳೆಲ್ಲ ಇದರೊಳಗೇ ಇವೆ.

ಮೊದಲನೆಯದು ಅಂಕಿ ತುಂಬುವ ಜಾಗ. ನೂರು ಸೆಂಟ್‌ಗೆ ಒಂದು ಇಂಚು. ಒಂದು ಇಂಚು ಐದು ಸೆಂಟ್ ಮಳೆಯನ್ನು ಅವಸರದಲ್ಲಿ 1.5 ಎಂದು ಒತ್ತಿದರೆ ಅದು ಒಂದು ಇಂಚು ಐವತ್ತು ಸೆಂಟ್ ಆಗುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಸಮಯದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ, ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎನ್ನುವುದೇ ಇದರ ಮೇಲೆ ನಿಂತಿರುತ್ತದೆ. ಆದ್ದರಿಂದ ಇಂಚಿಗೊಂದು, ಸೆಂಟಿಗೊಂದು ಬೇರೆ ಬೇರೆ ಖಾನೆ ಕೊಡಿ. ಡೇಟಾಬೇಸ್‌ನಲ್ಲಿ ಒಟ್ಟು ಸೆಂಟ್ ಅನ್ನು ಪೂರ್ಣಾಂಕವಾಗಿ ಇಡಿ, ಫ್ಲೋಟ್ (ದಶಮಾಂಶ ಸಂಖ್ಯೆ) ಬೇಡ. ಮಿಲಿಮೀಟರ್ ಬೇಕೆಂದರೆ ತೋರಿಸುವಾಗ 0.254ರಿಂದ ಗುಣಿಸಿದರಾಯಿತು.

ಅರ್ಧ ತುಂಬಿದ ಅಂಕಿ ಎಲ್ಲಿ ಉಳಿಯಬೇಕು? ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಫೋನ್ ಅಡ್ಡ ತಿರುಗಿಸಿದರೆ ಆಕ್ಟಿವಿಟಿ (ಆ್ಯಪ್‌ನ ಒಂದು ಪರದೆ) ನಾಶವಾಗಿ ಮತ್ತೆ ಹುಟ್ಟುತ್ತದೆ. ಪರದೆಯ ಡೇಟಾ ಹಿಡಿದಿಡುವ ವ್ಯೂಮಾಡೆಲ್ ಅದನ್ನು ತಾಳಿಕೊಳ್ಳುತ್ತದೆ, ಆದರೆ ಪ್ರೋಸೆಸ್ ಸತ್ತರೆ ತಾನೂ ಹೋಗುತ್ತದೆ. ಅದಕ್ಕೆ ಪ್ರೋಸೆಸ್ ಸತ್ತರೂ ಸಣ್ಣ ಸ್ಥಿತಿಯನ್ನು ಉಳಿಸಿಕೊಡುವ ಸೇವ್ಡ್‌ಸ್ಟೇಟ್‌ಹ್ಯಾಂಡಲ್ ಬೇಕು. ಅದರಲ್ಲೂ ಐಡಿ, ಸಣ್ಣ ಅಂಕಿಗಳನ್ನಷ್ಟೇ ಇಡಿ. ಇಡೀ ವರ್ಷದ ಪಟ್ಟಿ ತುರುಕಿದರೆ ಆ್ಯಪ್ ಮತ್ತು ಸಿಸ್ಟಂ ನಡುವೆ ಡೇಟಾ ಸಾಗಿಸುವ ಬೈಂಡರ್‌ನ 1 ಎಂಬಿ ಮಿತಿ ದಾಟಿ ಆ್ಯಪ್ ಬೀಳುತ್ತದೆ. ಪರೀಕ್ಷಿಸಲು ಹೋಮ್ ಒತ್ತಿ, ಎಡಿಬಿ (ಕಂಪ್ಯೂಟರ್‌ನಿಂದ ಫೋನಿಗೆ ಆಜ್ಞೆ ಕೊಡುವ ಸಾಧನ) ಶೆಲ್‌ನಿಂದ 'ಆ್ಯಮ್ ಕಿಲ್' ಆಜ್ಞೆಯನ್ನು ಪ್ಯಾಕೇಜ್ ಹೆಸರಿನೊಂದಿಗೆ ಕೊಟ್ಟು, ರೀಸೆಂಟ್ಸ್‌ನಿಂದ ಮತ್ತೆ ತೆರೆಯಿರಿ. ಫೋರ್ಸ್ ಸ್ಟಾಪ್ ಮಾಡಿ ನೋಡಬೇಡಿ, ಅದು ಉಳಿಸಿದ ಸ್ಥಿತಿಯನ್ನೂ ಅಳಿಸಿ ದಾರಿ ತಪ್ಪಿಸುತ್ತದೆ.

ಸೇವ್ ಒತ್ತಿದ ತಕ್ಷಣ ದಾಖಲೆ ಫೋನಿನೊಳಗಿನ ರೂಮ್ ಡೇಟಾಬೇಸ್‌ಗೆ ಹೋಗಬೇಕು, ನೆಟ್‌ವರ್ಕ್‌ಗೆ ಕಾಯಬಾರದು. ಜುಲೈನಲ್ಲಿ ಭಾಗಮಂಡಲದ ಕಡೆ ಕರೆಂಟ್ ಹೋಗಿ, ಹಿಂದೆಯೇ ಟವರ್ ಕೂಡ ಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಸರ್ವರ್‌ಗೆ ಕಳಿಸುವುದನ್ನು ಹಿನ್ನೆಲೆ ಕೆಲಸ ನೋಡಿಕೊಳ್ಳುವ ವರ್ಕ್‌ಮ್ಯಾನೇಜರ್‌ಗೆ ಬಿಡಿ, ನೆಟ್‌ವರ್ಕ್ ಇದ್ದಾಗ ಮಾತ್ರ ಎಂಬ ಷರತ್ತು ಹಾಕಿ. ಮತ್ತೆ ಮತ್ತೆ ನಡೆಯುವ ಕೆಲಸಕ್ಕೆ ಕನಿಷ್ಠ ಅಂತರ 15 ನಿಮಿಷ. ಬ್ಯಾಟರಿ ಉಳಿಸುವ ಡೋಜ್‌ನಲ್ಲಿ ಫೋನ್ ಮಲಗಿದ್ದರೆ ಅದಕ್ಕಿಂತಲೂ ತಡವಾಗುತ್ತದೆ, ಅದನ್ನು ಒಪ್ಪಿಕೊಂಡೇ ವಿನ್ಯಾಸ ಮಾಡಿ.

ಸಿಗ್ನಲ್ ಪೂರ್ತಿ ಇಲ್ಲದಿರುವುದಕ್ಕಿಂತ ಅರೆಬರೆ ಇರುವುದು ಹೆಚ್ಚು ಕಾಡುತ್ತದೆ. ದಾಖಲೆ ಸರ್ವರ್ ತಲುಪಿರುತ್ತದೆ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರುತ್ತದೆ. ಆ್ಯಪ್ ಮತ್ತೆ ಕಳಿಸುತ್ತದೆ, ಒಂದೇ ದಿನದ ಮಳೆ ಎರಡು ಸಲ ಸೇರುತ್ತದೆ. ಪ್ರತಿ ದಾಖಲೆಗೂ ಯುಯುಐಡಿಯನ್ನು (ಬೇರೆಲ್ಲೂ ಮರುಕಳಿಸದ ಗುರುತು) ಫೋನಿನಲ್ಲೇ ಹುಟ್ಟಿಸಿ, ಸರ್ವರ್‌ನಲ್ಲಿ ಅದಕ್ಕೆ ಯುನಿಕ್ ನಿರ್ಬಂಧ ಹಾಕಿ. ನಿಮ್ಮ ಹಳೆಯ ಅನುಭವ ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಇದು.

ಆಮೇಲೆ ಟೇಬಲ್‌ಗೆ ಹೊಸ ಕಾಲಂ ಸೇರಿಸುವಾಗ ಡೇಟಾಬೇಸ್ ವರ್ಷನ್ ಏರಿಸಿ ಮೈಗ್ರೇಷನ್ (ಹಳೆಯ ಡೇಟಾವನ್ನು ಹೊಸ ರೂಪಕ್ಕೆ ತರುವ ಕೋಡ್) ಬರೆಯಲೇಬೇಕು. ಅವಸರಕ್ಕೆ ಡಿಸ್ಟ್ರಕ್ಟಿವ್ ಮೈಗ್ರೇಷನ್ ಹಾಕಿದರೆ ಬಳಕೆದಾರರ ಹಳೆಯ ಲೆಕ್ಕವೆಲ್ಲ ಅಳಿಸಿಹೋಗುತ್ತದೆ.

ಲ್ಯಾಪ್‌ಟಾಪ್‌ಗೆ 16 ಜಿಬಿ ರ‍್ಯಾಮ್ ಇದ್ದರೆ ನೆಮ್ಮದಿ. 8 ಜಿಬಿಯಾದರೆ ಎಮ್ಯುಲೇಟರ್ ಬಿಟ್ಟು ಯುಎಸ್‌ಬಿಯಲ್ಲಿ ನಿಜವಾದ ಫೋನ್ ಹಾಕಿ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ತಟ್ಟಿದರೆ ಡೆವಲಪರ್ ಆಯ್ಕೆಗಳು ಬರುತ್ತವೆ. ಬೇಕಾದ ಲೈಬ್ರರಿಗಳನ್ನು ಇಳಿಸಿಕೊಳ್ಳುವ ಮೊದಲ ಗ್ರೇಡಲ್ ಸಿಂಕ್ ಅನ್ನು ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಒಳ್ಳೆಯ ಲೈನ್ ಇರುವಲ್ಲಿ ಮುಗಿಸಿಕೊಂಡು ಬಂದರೆ, ಹೊಸ ಲೈಬ್ರರಿ ಸೇರಿಸುವ ತನಕ ಆಫ್‌ಲೈನ್ ಮೋಡ್‌ನಲ್ಲಿ ಮನೆಯಲ್ಲೇ ಕೆಲಸ ಸಾಗುತ್ತದೆ.

ಪ್ಲೇ ಸ್ಟೋರ್ ಖಾತೆಗೆ ಒಮ್ಮೆ 25 ಡಾಲರ್ ಕಟ್ಟಬೇಕು. ಹೊಸ ವೈಯಕ್ತಿಕ ಖಾತೆಯಾದರೆ, ಬಿಡುಗಡೆಗೆ ಅರ್ಜಿ ಹಾಕುವ ಮೊದಲು ಕನಿಷ್ಠ 12 ಪರೀಕ್ಷಕರು ಸತತ 14 ದಿನ ಕ್ಲೋಸ್ಡ್ ಟೆಸ್ಟ್‌ನಲ್ಲಿ (ಆಯ್ದವರಿಗಷ್ಟೇ ತೆರೆದ ಪರೀಕ್ಷೆ) ಇರಬೇಕು. ಅಕ್ಕಪಕ್ಕದ ತೋಟದವರನ್ನು ಕಾಫಿ ಕೊಯ್ಲು ಮುಗಿದ ಕೂಡಲೇ, ಹೂಮಳೆಗೆ ಮುಂಚೆ, ಒಪ್ಪಿಸಿಟ್ಟುಕೊಳ್ಳಿ.