ಅರ್ಧ ಆಣೆಗೂ ಜಿಪುಣತನವೇ, ಮಿರ್ಜಾ ತಫ್ತಾ?

ಜುಲೈ 19, 2025, ಶನಿವಾರ. ದಿಲ್ಲಿ

ಮಗಳ ಮನೆಗೆ ಬಂದು ಹನ್ನೆರಡು ದಿನ ಆಯಿತು. ನಾಲ್ಕನೇ ಮಹಡಿ. ಎಲ್ಲ ಕಿಟಕಿಗೂ ಗಾಜು. ಹೊರಗೆ ಮಳೆ ಹೊಡೆಯುತ್ತಿದ್ದರೂ ಒಳಗೆ ಸದ್ದೇ ಇಲ್ಲ. ತೀರ್ಥಹಳ್ಳಿ ಕಡೆಯವನಿಗೆ ಸದ್ದಿಲ್ಲದ ಮಳೆ ಅಂದರೆ ಉಪ್ಪಿಲ್ಲದ ಸಾರಿನ ಹಾಗೆ.

ಇವತ್ತು ಹೆಂಡತಿಯನ್ನು ಕರೆದುಕೊಂಡು ಹಳೇ ದಿಲ್ಲಿಗೆ ಹೋಗಿದ್ದೆ. ಚಾವಡಿ ಬಜಾರಿನಲ್ಲಿ ಮೆಟ್ರೋ ಇಳಿದು, ಸೈಕಲ್ ರಿಕ್ಷಾಗಳ ನಡುವೆ ತೂರಿಕೊಂಡು ಬಲ್ಲಿಮಾರಾನ್ ಸೇರಿದೆವು. ಎರಡೂ ಕಡೆ ಕನ್ನಡಕದ ಅಂಗಡಿ, ಚಪ್ಪಲಿ ಅಂಗಡಿ. ಅಲ್ಲೇ ಒಳಗೆ ಗಲಿ ಕಾಸಿಂ ಜಾನ್. ಉರ್ದು ಕವಿ ಮಿರ್ಜಾ ಗಾಲಿಬ್ ಕೊನೆಯ ಎಂಟೊಂಬತ್ತು ವರ್ಷ ಬಾಡಿಗೆಗಿದ್ದ ಮನೆ ಈ ಗಲ್ಲಿಯಲ್ಲಿದೆ. ಹವೇಲಿ ಅಂತ ಹೆಸರು ಮಾತ್ರ ದೊಡ್ಡದು. ಉಳಿದಿರುವುದು ಒಂದು ತುಂಡು. ಅದನ್ನು ಸರ್ಕಾರ ಸ್ಮಾರಕ ಮಾಡಿದೆ. ಮಿಕ್ಕ ಜಾಗದಲ್ಲಿ ವ್ಯಾಪಾರ ನಡೆಯುತ್ತಿದೆ. ಅದೇನೂ ತಪ್ಪಲ್ಲ ಬಿಡಿ. ಆತ ಜೀವಮಾನದಲ್ಲಿ ಒಂದು ಸ್ವಂತ ಮನೆ ಮಾಡಿಕೊಂಡವನಲ್ಲ. ಪುಸ್ತಕವನ್ನೂ ಕೊಳ್ಳುತ್ತಿರಲಿಲ್ಲವಂತೆ, ಬಾಡಿಗೆಗೆ ತರಿಸಿ ಓದುತ್ತಿದ್ದನಂತೆ.

ನಾವು ಒಳಗಿದ್ದಾಗಲೇ ಮಳೆ ಶುರುವಾಯಿತು. ಹತ್ತೇ ನಿಮಿಷದಲ್ಲಿ ಗಲ್ಲಿ ತುಂಬ ಕೆಂಪು ನೀರು. ನನಗೆ ನಗು ಬಂತು. 1862ರ ಮಳೆಗಾಲದಲ್ಲಿ ಲೋಹಾರು ನವಾಬರ ಮನೆತನದ ಶಿಷ್ಯ ಅಲಾಯಿಗೆ ಬರೆದ ಕಾಗದದಲ್ಲಿ ಗಾಲಿಬ್ ಇದನ್ನೇ ಹೇಳಿದ್ದಾನೆ: ಕಾಸಿಂ ಜಾನ್ ಗಲ್ಲಿ ಈಗ ಕಾಲುವೆ ಆಗಿದೆ, ಮೋಡ ಎರಡು ಗಂಟೆ ಸುರಿದರೆ ನಮ್ಮ ಮಾಡು ನಾಲ್ಕು ಗಂಟೆ ಸುರಿಯುತ್ತದೆ. ರಿಪೇರಿ ಮಾಡಿಸೋಣ ಅಂದರೆ, ಅದು ಮುಗಿಯುವ ತನಕ ನಾನು ಕೂರುವುದೆಲ್ಲಿ ಅಂತ ಬೇರೆ ಕೇಳುತ್ತಾನೆ.

ಹಂಚಿನ ಮನೆಯಲ್ಲಿ ಬೆಳೆದ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಮಳೆ ನಿಂತ ಮೇಲೂ ಪಾತ್ರೆಗಳಲ್ಲಿ ಟಪ್ ಟಪ್ ನಡೆದೇ ಇರುತ್ತದೆ ಅಲ್ವಾ. "ಇವ್ರೂ ನಮ್ಮ ಹಾಗೇ ಪಾತ್ರೆ ಇಟ್ಟಿರ್ತಾರೆ" ಅಂದಳು ಇವಳು.

ಜುಲೈ 22, ಮಂಗಳವಾರ

ಎರಡು ದಿನದಿಂದ ಗಾಲಿಬನ ಕಾಗದಗಳನ್ನೇ ಓದುತ್ತಿದ್ದೇನೆ. ಉರ್ದು ಅಕ್ಷರ ನನಗೆ ಬರದು. ನಾಗರಿಗೆ ಇಳಿಸಿದ್ದು ಸಿಕ್ಕಿದೆ. ಅರ್ಥವಾಗದ ಕಡೆ ಇಂಗ್ಲಿಷ್ ನೋಡುತ್ತೇನೆ. ಗಜಲುಗಳ ಬಗ್ಗೆ ಮಾತಾಡುವ ಯೋಗ್ಯತೆ ನನಗಿಲ್ಲ, ಅದಕ್ಕೆ ಬೇರೆಯವರಿದ್ದಾರೆ. ಟಪಾಲಿನ ಬಗ್ಗೆ ಮಾತ್ರ ಮಾತಾಡಬಲ್ಲೆ. ಮೂವತ್ತನಾಲ್ಕು ವರ್ಷ ಸಬ್ ಪೋಸ್ಟ್ ಆಫೀಸಿನಲ್ಲಿ ಠಸ್ಸೆ ಹೊಡೆದವನು. ಅಂಚೆಗೆ ಕಾಯುವ ಮುದುಕರನ್ನು ನೋಡಿ ನೋಡಿ ಅಭ್ಯಾಸವಾಗಿದೆ. ಈತನೂ ಅಂಥವನೇ.

1857ರ ಗಲಾಟೆ ಮುಗಿದಾಗ ಆತನಿಗೆ ಅರವತ್ತು. ದಿಲ್ಲಿ ಇಂಗ್ಲಿಷರ ಕೈಗೆ ಹೋಗಿತ್ತು. ಬಾದಶಹ ಬಹಾದುರ್ ಶಾ ರಂಗೂನಿಗೆ. ಗೆಳೆಯರಲ್ಲಿ ಕೆಲವರು ಸತ್ತರು, ಕೆಲವರು ಊರು ಬಿಟ್ಟರು. ಬುದ್ಧಿ ಸ್ವಾಧೀನದಲ್ಲಿಲ್ಲದ ತಮ್ಮ ಯೂಸುಫ್ ಅದೇ ಅಕ್ಟೋಬರಿನಲ್ಲಿ ತೀರಿಕೊಂಡ. ಈ ಗಲ್ಲಿಯ ಕಡೆ ಪಟಿಯಾಲ ಮಹಾರಾಜರ ಕಾವಲಿನವರು ಇದ್ದದ್ದರಿಂದ ಮನೆ ಉಳಿಯಿತು. ಬರುತ್ತಿದ್ದ ಪೆನ್ಶನ್ ನಿಂತಿತು. ವರ್ಷಕ್ಕೆ 750 ರೂಪಾಯಿ, ಅಂದರೆ ತಿಂಗಳಿಗೆ ಅರವತ್ತೆರಡೂವರೆ. ಮೂರು ವರ್ಷ ಅದೂ ಇಲ್ಲ. ಮನೆಯ ಬಟ್ಟೆಬರೆ, ಹಾಸಿಗೆ ಹೊದಿಕೆ ಮಾರಿ ದಿನ ತಳ್ಳಿದ. ಬೇರೆಯವರು ರೊಟ್ಟಿ ತಿನ್ನುತ್ತಾರೆ, ನಾನು ಬಟ್ಟೆ ತಿನ್ನುತ್ತೇನೆ ಅಂತ ಅದಕ್ಕೂ ಒಂದು ಜೋಕು.

ಕೂತು ಹರಟೆ ಹೊಡೆಯಲು ಊರಲ್ಲಿ ಜನವೇ ಇಲ್ಲದಾಗ ಉಳಿದದ್ದು ಅಂಚೆ. 1858ರ ಡಿಸೆಂಬರಿನಲ್ಲಿ ಶಿಷ್ಯ ಹರಗೋಪಾಲ್ ತಫ್ತಾಗೆ ಬರೆದ ಕಾಗದ ನೋಡಬೇಕು. (ತಫ್ತಾ ಇದ್ದದ್ದು ಸಿಕಂದರಾಬಾದಿನಲ್ಲಿ. ಹೈದರಾಬಾದಿನ ಪಕ್ಕದ್ದಲ್ಲ, ಬುಲಂದ್‌ಶಹರದ ಕಡೆಯದು. ಸಾರ್ಟಿಂಗಿನಲ್ಲಿ ಈ ಎರಡು ಊರು ನಮ್ಮವರಿಗೆ ಎಷ್ಟು ಸಲ ಕೈಕೊಟ್ಟಿವೆಯೋ.) ಈ ಒಂಟಿತನದಲ್ಲಿ ಕಾಗದಗಳನ್ನು ನಂಬಿಕೊಂಡೇ ಬದುಕಿದ್ದೇನೆ ಅನ್ನುತ್ತಾನೆ. ಯಾರ ಕಾಗದ ಬಂದರೂ ಅವರೇ ಬಂದ ಹಾಗೆ. ದೇವರ ದಯೆ, ಎರಡು ನಾಲ್ಕು ಕಾಗದ ಬಾರದ ದಿನವಿಲ್ಲ. ಕೆಲವು ದಿನ ಟಪಾಲು ಎರಡು ಹೊತ್ತೂ ಬರುತ್ತದೆ, ಬೆಳಿಗ್ಗೆ ಒಂದೆರಡು, ಸಂಜೆ ಒಂದೆರಡು. ಓದುವುದು, ಉತ್ತರ ಬರೆಯುವುದು, ಅಷ್ಟರಲ್ಲಿ ದಿನ ಕಳೆಯುತ್ತದೆ. ಇಷ್ಟು ಹೇಳಿ ತಫ್ತಾನ ಮೇಲೆ ಹರಿಹಾಯುತ್ತಾನೆ. ಹತ್ತು ಹನ್ನೆರಡು ದಿನದಿಂದ ನಿನ್ನ ಕಾಗದವಿಲ್ಲ, ಯಾಕೆ? ಬರೆಯದೆ ಇರುವುದಕ್ಕೆ ಕಾರಣವನ್ನಾದರೂ ಬರಿ. ಅರ್ಧ ಆಣೆಗೆ ಜಿಪುಣತನ ಮಾಡಬೇಡ. ಅಷ್ಟೂ ಆಗದಿದ್ದರೆ ಬೇರಿಂಗ್ ಕಳಿಸು.

ಇದನ್ನು ಓದಿ ಎದ್ದು ಕೂತೆ. ಬೇರಿಂಗ್! ನಾವು ನಾಟ್‌ಪೇಡ್ ಅನ್ನುತ್ತಿದ್ದೆವು. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಸ್ಟಾಂಪು ಹಚ್ಚದೆ ಡಬ್ಬಿಗೆ ಹಾಕಿದರೆ, ಕಾಗದ ತೆಗೆದುಕೊಳ್ಳುವವರಿಂದ ಡಬಲ್ ವಸೂಲಿ. 1854ರಲ್ಲಿ ಅರ್ಧ ಆಣೆ ಸ್ಟಾಂಪು ಬಂತು. ಕಾಲು ತೊಲದ ಕಾಗದ ದೇಶದ ಯಾವ ಮೂಲೆಗಾದರೂ ಅರ್ಧ ಆಣೆ. ದೂರದ ಲೆಕ್ಕ ಹೋಯಿತು. ಈ ಹೊಸ ವ್ಯವಸ್ಥೆ ಬರದೆ ಇದ್ದಿದ್ದರೆ ಗಾಲಿಬನ ಉರ್ದು ಕಾಗದಗಳು ಇಷ್ಟೊಂದು ಇರುತ್ತಿದ್ದವಾ? ನನಗಂತೂ ಅನುಮಾನ. ಸಾಹಿತ್ಯದವರು ಇದನ್ನು ಒಪ್ಪುತ್ತಾರೋ ಇಲ್ಲವೋ, ಪೋಸ್ಟ್ ಮಾಸ್ಟರ್ ಆಗಿ ನನ್ನ ಮತ ಇದು.

ದುಡ್ಡಿದ್ದಾಗಲೂ ಅವನಿಗೆ ಬೇರಿಂಗ್ ಮೇಲೇ ನಂಬಿಕೆ ಜಾಸ್ತಿ. ಅದರಲ್ಲಿ ಲಾಜಿಕ್ ಇದೆ. ಸ್ಟಾಂಪು ಹಚ್ಚಿದ ಕಾಗದ ಕಳೆದರೆ ಆಫೀಸಿಗೆ ನಷ್ಟವಿಲ್ಲ. ನಾಟ್‌ಪೇಡ್ ಕಾಗದದ ದುಡ್ಡು ಇನ್ನೂ ಬರಬೇಕು, ಹಾಗಾಗಿ ಅದರ ಮೇಲೆ ಎಲ್ಲರ ಕಣ್ಣು. ನಮ್ಮಲ್ಲೂ ಸಂಜೆ ಲೆಕ್ಕ ಮುಗಿಸುವಾಗ ಒಂದು ನಾಟ್‌ಪೇಡ್ ಕಾಗದ ಕಾಣದಿದ್ದರೆ ಮೇಜಿನ ಅಡಿ, ಚೀಲದ ಒಳಗೆ ಎಲ್ಲ ಹುಡುಕಿಸುತ್ತಿದ್ದೆ. ಮಾಮೂಲಿ ಕಾರ್ಡಿಗೆ ಅಷ್ಟು ಹುಡುಕಿದ ನೆನಪಿಲ್ಲ, ನಿಜ ಹೇಳಬೇಕು.

ವಿಳಾಸದ ವಿಷಯದಲ್ಲಿ ಮಾತ್ರ ಮಹಾ ಜಂಬ. ಯಾರಾದರೂ ಗಲ್ಲಿ, ಮೊಹಲ್ಲಾ ಎಲ್ಲ ಕೇಳಿದರೆ ಕೋಪ. ನನ್ನ ಹೆಸರು, ದಿಲ್ಲಿ, ಅಷ್ಟು ಸಾಕು, ಕಾಗದ ತಲುಪುತ್ತದೆ ಅನ್ನುತ್ತಾನೆ. ಇಂಥ ಒಬ್ಬರು ಪ್ರತಿ ಊರಿನಲ್ಲೂ ಇರುತ್ತಾರೆ. ನಮ್ಮಲ್ಲಿ ಒಬ್ಬ ವೈದ್ಯರಿದ್ದರು. ಹೆಸರೂ ಬೇಡ, 'ಡಾಕ್ಟರು' ಅಂತ ಬರೆದರೆ ಸಾಕಿತ್ತು.

ಬರೆಯುವ ರೀತಿಯ ಬಗ್ಗೆ ಅವನಿಗೇ ಹೆಮ್ಮೆ ಇತ್ತು. ಆಗಿನ ಕಾಗದ ಅಂದರೆ ಅರ್ಧ ಹಾಳೆ ಬಿರುದು ಬಾವಲಿ, ಆಮೇಲೆ ವಿಷಯ. ಈತ ಅದನ್ನೆಲ್ಲ ಕಿತ್ತು ಹಾಕಿ ನೇರ ಮಾತಿಗೇ ಇಳಿದ. 'ಮುರಾಸಲೆ'ಯನ್ನು 'ಮುಕಾಲಮಾ' ಮಾಡಿಬಿಟ್ಟೆ, ಅಂದರೆ ಓಲೆಯನ್ನು ಮಾತುಕತೆ ಮಾಡಿಬಿಟ್ಟೆ, ಅಂತ ಹಾತಿಮ್ ಅಲಿ ಮೆಹರ್‌ಗೆ ಬರೆದಿದ್ದಾನೆ. ಸಾವಿರ ಹರದಾರಿ ಆಚೆಯಿಂದ ಲೇಖನಿಯ ನಾಲಿಗೆಯಲ್ಲಿ ಮಾತಾಡುತ್ತಿರಬಹುದಂತೆ. ಮೀರ್ ಮೆಹದಿ ಮಜ್ರೂಹ್‌ಗೆ ಬರೆದ ಒಂದು ಕಾಗದವಂತೂ ಪೂರ್ತಿ ಸಂಭಾಷಣೆ, ನಾಟಕದ ಹಾಗೆ.

ಆ ಮಜ್ರೂಹನೇ ದಿಲ್ಲಿ ಹೇಗಿದೆ ಅಂತ ಕೇಳಿದ್ದಕ್ಕೆ ಐದು ಬೆರಳು ಮಡಚಿ ತೋರಿಸಿದ್ದಾನೆ. ಕೋಟೆ, ಚಾಂದನಿ ಚೌಕ, ಜಾಮಾ ಮಸೀದಿಯ ದಿನದ ಜನಸಂದಣಿ, ವಾರಕ್ಕೊಮ್ಮೆ ಯಮುನೆಯ ಸೇತುವೆಯ ತಿರುಗಾಟ, ವರ್ಷಕ್ಕೊಮ್ಮೆ ಹೂವಿನವರ ಜಾತ್ರೆ. ಈ ಐದೂ ಇಲ್ಲ, ಇನ್ನು ದಿಲ್ಲಿ ಎಲ್ಲಿದೆ ಹೇಳು. ಇನ್ನೊಂದರಲ್ಲಿ ಬಾವಿಗಳ ಗೋಳು: ಲಾಲ್ ಡಿಗ್ಗಿ ಕಡೆಯ ಬಾವಿ ನೀರೆಲ್ಲ ಉಪ್ಪಾಗಿದೆ. ಮಗದೊಂದರಲ್ಲಿ ಕೆಲಸದ ಹೆಂಗಸು ವಫಾದಾರ್. ಸಾಮಾನು ತರಲು ಹೋದವಳು ದಾರಿಯಲ್ಲಿ ಸಿಕ್ಕ ಸಿಕ್ಕವರ ಹತ್ತಿರ ಮಾತಿಗೆ ನಿಲ್ಲುತ್ತಾಳೆ. ನನಗೆ ಐದು ಬೆರಳಿನ ದಿಲ್ಲಿಗಿಂತ ಈ ವಫಾದಾರಳೇ ಹೆಚ್ಚು ಹಿಡಿಸಿದಳು.

1277ರ ಹಿಜರಿಯಲ್ಲಿ, ಅಂದರೆ 1860-61ರಲ್ಲಿ, ಸಾಯುತ್ತೇನೆ ಅಂತ ಮೊದಲೇ ಲೆಕ್ಕ ಹಾಕಿಟ್ಟಿದ್ದ. 'ಗಾಲಿಬ್ ಮುರ್ದ್', ಗಾಲಿಬ್ ಸತ್ತ, ಅನ್ನುವ ಎರಡು ಪದಗಳ ಅಕ್ಷರದ ಬೆಲೆ ಕೂಡಿದರೆ 1277 ಬರುತ್ತದೆ (ಪಾರಸಿ ಲಿಪಿಯ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ ಇದೆ). ಊರಿಗೆ ಕಾಲರಾ ಬಂತು. ಆತ ಸಾಯಲಿಲ್ಲ. ಲೆಕ್ಕ ಸರಿಯಾಗೇ ಇತ್ತು, ಆದರೆ ಊರವರೆಲ್ಲ ಸಾಯುವ ರೋಗದಲ್ಲಿ ಸಾಯುವುದು ನನ್ನ ಅಂತಸ್ತಿಗೆ ಸರಿಯಲ್ಲ ಅನಿಸಿತು, ಅಂದುಬಿಟ್ಟ.

ಎಲ್ಲ ಕಾಗದಗಳೂ ಹೀಗೆ ನಗಿಸುವುದಿಲ್ಲ. 1859ರಿಂದ ರಾಮಪುರದ ನವಾಬರು ತಿಂಗಳಿಗೆ ನೂರು ರೂಪಾಯಿ ಕೊಡುತ್ತಿದ್ದರು. ಅಲ್ಲಿಗೆ ಹೋದ ಕಾಗದಗಳಲ್ಲಿ ಬೆನ್ನು ಬಗ್ಗಿಸಿದ ಬೇರೆಯೇ ಮನುಷ್ಯ ಇದ್ದಾನೆ. ದಂಗೆಯ ದಿನಗಳ ಬಗ್ಗೆ ಪಾರಸಿಯಲ್ಲಿ ಬರೆದ 'ದಸ್ತಂಬೂ'ವನ್ನು ಚಂದ ಬೈಂಡ್ ಮಾಡಿಸಿ ಇಂಗ್ಲಿಷ್ ಅಧಿಕಾರಿಗಳ ಕೈಗೆ ಮುಟ್ಟಿಸಲು ಒದ್ದಾಡಿದ್ದಾನೆ. ರಾಣಿ ವಿಕ್ಟೋರಿಯಾಗೂ ಹೋಗಲಿ ಅಂತ ಆಸೆ. ಓದುವಾಗ ಸ್ವಲ್ಪ ಮುಜುಗರ ಆಗುತ್ತದೆ. ಪೆನ್ಶನ್ ತಡವಾದರೆ ಏನಾಗುತ್ತದೆ ಅಂತ ಕೌಂಟರಿನ ಈಚೆಯಿಂದ ನೋಡಿದವನು ನಾನು. ಬೈಯಲು ಮನಸ್ಸಾಗಲಿಲ್ಲ. 1860ರ ಮೇ ತಿಂಗಳಿನಲ್ಲಿ ಪೆನ್ಶನ್ ಮತ್ತೆ ಶುರುವಾಗಿ, ಬಾಕಿ 2,250 ರೂಪಾಯಿ ಒಟ್ಟಿಗೆ ಕೈಗೆ ಬಂತು. ಬಂದದ್ದೆಲ್ಲ ಸಾಲಗಾರರ ಪಾಲು.

ಕೊನೆಕೊನೆಗೆ ಕಾಗದಗಳು ದೇಹದ ಸುದ್ದಿಯೇ ಆಗುತ್ತವೆ. ಕಿವಿ ಹೋಯಿತು, ಬಂದವರು ಹೇಳುವುದನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಏಳುವುದಕ್ಕೆ, ಆಳೆತ್ತರದ ಗೋಡೆ ಎಬ್ಬಿಸುವಷ್ಟು ಹೊತ್ತು ಬೇಕು ಅನ್ನುತ್ತಾನೆ. ಹೈದರಾಬಾದಿನ ಒಬ್ಬ ಅಭಿಮಾನಿಗೆ ದಿನದ ಊಟದ ಪಟ್ಟಿಯನ್ನೇ ಕೊಟ್ಟಿದ್ದಾನೆ. ಬೆಳಿಗ್ಗೆ ಏಳು ಬಾದಾಮಿ ಅರೆದು ಸಕ್ಕರೆ ಪಾನಕದಲ್ಲಿ. ಮಧ್ಯಾಹ್ನ ಒಂದು ಸೇರು ಮಾಂಸ ಬೇಯಿಸಿದ ಗಟ್ಟಿ ರಸ. ಸಂಜೆ ಒಮ್ಮೊಮ್ಮೆ ಕರಿದ ಕಬಾಬು ಮೂರು. ರಾತ್ರಿ ಐದು ಬೆಳ್ಳಿ ರೂಪಾಯಿಯಷ್ಟು ತೂಕದ ಮದ್ಯ, ಅಷ್ಟೇ ಬೇರೆ ರಸ ಬೆರೆಸಿ. ಮಾವಿನ ಹಣ್ಣಿನ ಕಾಲದಲ್ಲಿ ಮಾತ್ರ ಯಾವ ಪಥ್ಯವೂ ಇರಲಿಲ್ಲ ಅನಿಸುತ್ತದೆ. ಮಾವು ಸಿಹಿ ಇರಬೇಕು, ಬೇಕಾದಷ್ಟು ಇರಬೇಕು, ಇವೆರಡೇ ಅವನ ಷರತ್ತು.

ಶಿಷ್ಯರು ಎಲ್ಲೆಲ್ಲಿಂದಲೋ ಗಜಲು ಬರೆದು ತಿದ್ದಿಕೊಡಿ ಅಂತ ಅಂಚೆಯಲ್ಲಿ ಕಳಿಸುತ್ತಲೇ ಇದ್ದರು. ಕೈ ನಡುಗುತ್ತದೆ, ಕಣ್ಣು ಕಾಣುವುದಿಲ್ಲ, ಇನ್ನು ಕ್ಷಮಿಸಿ ಅಂತ ಪತ್ರಿಕೆಯಲ್ಲಿ ಪ್ರಕಟಣೆಯನ್ನೂ ಕೊಟ್ಟ. ಆದರೂ ಬಂದವು. ಒಂದು ಕಾಲಕ್ಕೆ ಟಪಾಲು ಬರಲಿ ಅಂತ ಜೀವ ಹಿಡಿದುಕೊಂಡವನು, ಆಮೇಲೆ ಬೇಡ ಅನ್ನುವ ಹಾಗಾಯಿತು. ಊಟದ ಪಟ್ಟಿಗಿಂತ ಈ ಪ್ರಕಟಣೆಯೇ ನನಗೆ ಜಾಸ್ತಿ ಚುಚ್ಚಿತು.

ಜುಲೈ 27, ಭಾನುವಾರ

ಬೆಳಿಗ್ಗೆ ಕಾಫಿ ಹೊತ್ತಿಗೆ ಇವಳಿಗೆ ಒಂದು ಕಾಗದ ಓದಿ ಹೇಳಿದೆ. ಅಲಾಯಿಗೆ ಬರೆದದ್ದು, ತನ್ನ ಬದುಕನ್ನೇ ಜೈಲಿನ ಕತೆ ಮಾಡಿದ್ದಾನೆ. ಹುಟ್ಟಿದ್ದು ವಿಚಾರಣೆಗೆ ಕಳಿಸಿದ್ದು. ಹದಿಮೂರು ವರ್ಷ ಕಾವಲಿನಲ್ಲಿ. ಆಮೇಲೆ ಜೀವಾವಧಿ ಶಿಕ್ಷೆ, ಕಾಲಿಗೆ ಒಂದು ಬೇಡಿ, ದಿಲ್ಲಿಯೇ ಸೆರೆಮನೆ. ಬೇಡಿ ಅಂದರೆ ಹೆಂಡತಿ, 1810ರಲ್ಲಿ ಮದುವೆಯಾದ ಉಮ್ರಾವ್ ಬೇಗಂ. ನಡುವೆ ತಪ್ಪಿಸಿಕೊಂಡು ಕಲ್ಕತ್ತೆಗೆ ಓಡಿದ್ದು, ಮತ್ತೆ ಹಿಡಿದು ತಂದದ್ದು. ಕೊನೆಗೆ ಕೈಗೆ ಎರಡು ಕೋಳ. ಅವು ಸಾಕಿದ ಇಬ್ಬರು ಹುಡುಗರು. ಸ್ವಂತ ಮಕ್ಕಳು ಏಳು ಹುಟ್ಟಿ ಒಂದೂ ಉಳಿಯಲಿಲ್ಲ. ಹೆಂಡತಿಯ ಕಡೆಯ ಹುಡುಗ ಆರಿಫ್‌ನನ್ನು ಮಗನ ಹಾಗೆ ನೋಡಿಕೊಂಡಿದ್ದರು, ಅವನೂ 1852ರಲ್ಲಿ ಹೋದ. ಈ ಇಬ್ಬರು ಅವನ ಮಕ್ಕಳು.

ನಾನು ನಗುತ್ತಲೇ ಓದಿದೆ. ಇವಳು ನಗಲಿಲ್ಲ. "ಏಳು ಮಕ್ಕಳನ್ನ ಕಳ್ಕೊಂಡೋಳು ಬೇಡಿಯಾ? ಆ ಯಮ್ಮ ಏನಂದ್ಲಂತೆ?" ಅಂದಳು.

ಏನಂದಳೋ. ಆಕೆ ನಮಾಜು, ಉಪವಾಸ ಬಿಡದವಳು. ಗಂಡ ಕುಡಿಯುತ್ತಾನೆ ಅಂತ ತನ್ನ ಊಟದ ಪಾತ್ರೆಯನ್ನೇ ಬೇರೆ ಇಟ್ಟುಕೊಂಡಿದ್ದಳು. ನನಗೆ ಹೇಳಲು ಗೊತ್ತಿದ್ದದ್ದು ಇಷ್ಟೇ.

ಸಂಜೆ ನಿಜಾಮುದ್ದೀನ್‌ಗೆ ಹೋದೆವು. ದರ್ಗಾದ ದಾರಿಯಲ್ಲಿ ಗುಲಾಬಿ ಹೂವಿನ ಬುಟ್ಟಿ, ಕಬಾಬಿನ ಹೊಗೆ. ಚೌಸಟ್ ಖಂಬಾದ ಪಕ್ಕ, ಗಾಲಿಬ್ ಅಕಾಡೆಮಿಗೆ ಅಂಟಿಕೊಂಡ ಹಾಗೆ ಬಿಳಿ ಕಲ್ಲಿನ ಸಣ್ಣ ಗೋರಿ. ಆತ ತೀರಿಕೊಂಡದ್ದು 1869ರ ಫೆಬ್ರವರಿ 15. ಹಿಂದಿನ ದಿನ ಅಲಾಯಿಗೆ ಕಾಗದ ಬರೆಸಿದನಂತೆ: ನನ್ನ ಸ್ಥಿತಿಯನ್ನು ನನ್ನನ್ನೇಕೆ ಕೇಳುತ್ತೀ, ಒಂದೆರಡು ದಿನ ಬಿಟ್ಟು ಅಕ್ಕಪಕ್ಕದವರನ್ನು ಕೇಳು. ಇದನ್ನು ದಾಖಲಿಸಿದವನು ಶಿಷ್ಯ ಅಲ್ತಾಫ್ ಹುಸೇನ್ ಹಾಲಿ. ಕಾಗದಗಳ ಮೊದಲ ಸಂಗ್ರಹ 1868ರಲ್ಲಿ ಅಚ್ಚಾಗಿತ್ತು. ಎರಡನೆಯದು ಬಂದದ್ದು 1869ರ ಮಾರ್ಚಿನಲ್ಲಿ, ಮೂರು ವಾರ ತಡ. ಅದನ್ನು ಆತ ನೋಡಲಿಲ್ಲ. ಉಮ್ರಾವ್ ಬೇಗಂ ಸರಿಸುಮಾರು ಒಂದು ವರ್ಷಕ್ಕೆ, 1870ರ ಫೆಬ್ರವರಿಯಲ್ಲಿ, ಹೋದಳು.

"ಅವಳಿಗೆ ಈತ ಬರೆದ ಕಾಗದ ಒಂದೂ ನನ್ನ ಪುಸ್ತಕದಲ್ಲಿ ಇಲ್ಲ ಕಣೇ" ಅಂದೆ, ಸ್ವಲ್ಪ ಬೇಜಾರಿನಲ್ಲೇ.

"ಒಂದೇ ಮನೇಲಿದ್ದೋರಿಗೆ ಕಾಗದ ಯಾಕ್ರೀ? ನೀವು ಪೋಸ್ಟ್ ಆಫೀಸಲ್ಲಿ ಇಷ್ಟು ವರ್ಷ ಇದ್ರಿ. ನಂಗೆ ಬರೆದಿದ್ದು ಒಂದೇ ಒಂದು. ಬಾಣಂತನಕ್ಕೆ ಹೋದಾಗ."

"ಬರೆದಿದ್ನಲ್ಲ ಮತ್ತೆ."

"ಅದ್ರಲ್ಲಿ ಅರ್ಧ ಅಡಿಕೆ ರೇಟು."